ಒಂದೂವರೆ ವ್ಯಾಟಿನ ಅಣ್ಣ ತಂಗಿ

ಅತ್ತಿಗೆ ಅಂಗಡಿಯ ಮೆಟ್ಟಿಲು ಹತ್ತಿದಾಗ ಪುಟ್ಟಿ ಒಂದು ಕನ್ನಡಕದ ಕಾಲಿಗೆ ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ ಕೂರಿಸುತ್ತಿದ್ದಳು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ವಸ್ತು. ಹಾಗಾಗಿ ತಲೆ ಎತ್ತದೆ, ಬಾಯಿ ಬಿಡದೆ, ಎಡಗೈಯಲ್ಲೇ ಕುರ್ಚಿ ತೋರಿಸಿದಳು.

ಪುಟ್ಟಿ ಅಂದರೆ ಚಿಕ್ಕ ಹುಡುಗಿಯಲ್ಲ, ಐವತ್ತೆಂಟು ವರ್ಷದ ಹೆಂಗಸು. ಕನ್ನಡಕದ ಅಂಗಡಿ ಇಟ್ಟು ಮೂವತ್ತು ವರ್ಷವಾಗಿತ್ತು. ಆ ಬೀದಿಯ ಅರ್ಧ ಜನ ಅವಳು ತೀಡಿಕೊಟ್ಟ ಗಾಜಿನಿಂದಲೇ ಲೋಕ ನೋಡುತ್ತಿದ್ದರು. ಆದರೂ ತೊಟ್ಟಿಲಲ್ಲಿದ್ದಾಗ ಅಣ್ಣ ಕರೆದ ಹೆಸರು ತಲೆ ಬೆಳ್ಳಗಾದರೂ ಬಿಟ್ಟಿರಲಿಲ್ಲ.

ಅತ್ತಿಗೆ ಕೂರಲಿಲ್ಲ. ಕಂಕುಳಲ್ಲಿ ಅವುಚಿಕೊಂಡು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ನಿಮ್ಮಣ್ಣ ಅಟ್ಟ ಖಾಲಿ ಮಾಡ್ತಿದ್ದಾರೆ. ಇದನ್ನ ಹಳೇ ಸಾಮಾನಿನವನಿಗೆ ಹಾಕು ಅಂದರು. ನಂಗೆ ಕೈ ಬರಲಿಲ್ಲ ಕಣೆ. ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನೀನೇ ಏನಾದರೂ ಮಾಡು."

ಪುಟ್ಟಿಗೆ ಪೆಟ್ಟಿಗೆ ತೆರೆಯುವ ಮೊದಲೇ ಗೊತ್ತಾಯಿತು. ಎತ್ತಿ ನೋಡಿದ ತೂಕವೇ ಹೇಳಿತು. ಒಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಸ್ಟೀಲಿನ ಊಟದ ಡಬ್ಬಿ. ಮುಚ್ಚಳದ ಮೇಲೆ ಎರಡು ಗುಂಡಿ, ಪಕ್ಕದಲ್ಲಿ ಮೂರು ತೂತು. ಊಟದ ಡಬ್ಬಿಯಲ್ಲಿ ಊಟ ಬಿಟ್ಟು ಎಲ್ಲ ಇತ್ತು. ಅಣ್ಣ ತನ್ನ ಕೈಯಾರೆ ಬೆಸುಗೆ ಹಾಕಿ ಕಟ್ಟಿದ ರೇಡಿಯೋ ಅದು, ಕೇಳುವುದಕ್ಕೂ ಕಳಿಸುವುದಕ್ಕೂ ಆಗುವಂಥದ್ದು. ಅದರ ಕೆಳಗೆ, ರೇಡಿಯೋದಲ್ಲಿ ಸಿಕ್ಕಿದ ದೂರದೂರದವರು ಅಂಚೆಯಲ್ಲಿ ಕಳಿಸಿದ ಕಾರ್ಡುಗಳ, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ರಬ್ಬರ್ ಮುಟ್ಟಿದ ಕೂಡಲೇ ಪುಡಿಯಾಯಿತು.

"ಅವನು ಕೇಳಿದರೆ?" ಅಂದಳು ಪುಟ್ಟಿ.

"ಹಾಕಿದೆ ಅಂತೀನಿ. ಎಲ್ಲಿಗೆ ಹಾಕಿದೆ ಅಂತ ಕೇಳೋ ಮನುಷ್ಯ ಅಲ್ಲ ಅವರು."

ಅತ್ತಿಗೆ ಹೋದ ಮೇಲೆ ಪುಟ್ಟಿ ಸ್ಕ್ರೂ ಕೂರಿಸುವುದನ್ನು ಬಿಟ್ಟು ಕಾರ್ಡುಗಳನ್ನು ಕೈಗೆತ್ತಿಕೊಂಡಳು. ಮೇಲಿದ್ದ ಕಾರ್ಡು ಅವಳಿಗೆ ಬಾಯಿಪಾಠ. ಅದನ್ನು ಓದಲು ಕನ್ನಡಕ ಬೇಕಿರಲಿಲ್ಲ.

ಅವಳಿಗೆ ಹನ್ನೆರಡು, ಅಣ್ಣನಿಗೆ ಹದಿನೇಳು ಇದ್ದಾಗ ಮನೆಯ ಮಹಡಿಯ ಕೋಣೆಗೆ ಒಬ್ಬ ಮುದುಕರು ಬಾಡಿಗೆಗೆ ಬಂದರು. ಹಡಗಿನಲ್ಲಿ ಮೂವತ್ತು ವರ್ಷ ರೇಡಿಯೋ ಆಪರೇಟರ್ ಆಗಿದ್ದವರು. ನೆಲದ ಮೇಲೆ ನಡೆಯುವಾಗಲೂ ಅಲೆಯ ಮೇಲೆ ನಡೆದ ಹಾಗೆ ಕಾಲು ಅಗಲಿಸಿ ನಡೆಯುತ್ತಿದ್ದರು. ಮನೆಯವರೆಲ್ಲ ಹಡಗಿನ ತಾತ ಎನ್ನುತ್ತಿದ್ದರು. ಅಣ್ಣನಿಗೆ ಮೋರ್ಸ್, ಅಂದರೆ ಚುಕ್ಕಿ ಗೀಟುಗಳ ತಂತಿ ಭಾಷೆ, ಕಲಿಸಿದವರು ಅವರು. ತಾತನ ಹತ್ತಿರ ಅದನ್ನು ಬಡಿಯುವ ಒಂದು ಹಿತ್ತಾಳೆಯ ಕೀ ಇತ್ತು, ಅಣ್ಣನಿಗೆ ಸಿಕ್ಕಿದ್ದು ಎರಡು ಚಮಚ. ಚುಕ್ಕಿಗೆ ಒಂದು ಸಣ್ಣ ಪೆಟ್ಟು, ಗೀಟಿಗೆ ಒತ್ತಿ ಎಳೆದ ಪೆಟ್ಟು. ಕಟ, ಕಡ, ಕಟ. ಅಣ್ಣ ಮಹಡಿಯಲ್ಲಿ ಕೂತು ಕಲಿತ, ಪುಟ್ಟಿ ಮೆಟ್ಟಿಲ ಮೇಲೆ ಕೂತು ಕಲಿತಳು. ಮೆಟ್ಟಿಲ ಮೇಲೆ ಕೂತವಳಿಗೇ ಬೇಗ ಬಂತು.

ಆಮೇಲೆ ಊಟದ ತಟ್ಟೆಯ ಅಂಚಿನಲ್ಲಿ ಅಣ್ಣ ತಂಗಿಯ ಮಾತುಕತೆ ಶುರುವಾಯಿತು. "ಇವತ್ತು ಉಪ್ಪು ಕಮ್ಮಿ" ಎಂದು ಅಣ್ಣ ಬೆರಳಲ್ಲಿ ಬಡಿದರೆ, "ನಿನ್ನೆ ಜಾಸ್ತಿ ಇತ್ತಲ್ಲ, ಸರಿಹೋಯ್ತು" ಎಂದು ಪುಟ್ಟಿ ಬಡಿಯುತ್ತಿದ್ದಳು. ಅಮ್ಮ ಏನೂ ತಿಳಿಯದವರ ಹಾಗೆ ಬಡಿಸುತ್ತಿದ್ದರು. ಆರು ತಿಂಗಳಾದ ಮೇಲೆ ಒಂದು ದಿನ, ಪಾತ್ರೆಯ ಅಂಚಿಗೆ ಸೌಟಿನಿಂದ ನಿಧಾನವಾಗಿ, ಒಂದೂ ಅಕ್ಷರ ತಪ್ಪದೆ ಬಡಿದರು: "ನಾಳೆ ನೀವೇ ಮಾಡಿಕೊಳ್ಳಿ." ಅಣ್ಣನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡು ನೀರು ಕುಡಿಸಬೇಕಾಯಿತು.

ತಾತನಿಗೆ ದೊಡ್ಡ ಯಂತ್ರಗಳ ಮೇಲೆ ಗೌರವವಿರಲಿಲ್ಲ. "ಸಾವಿರ ವ್ಯಾಟಿನಲ್ಲಿ ಯಾರು ಬೇಕಾದರೂ ಡಂಗುರ ಹೊಡೀತಾರೆ. ಸೈಕಲ್ ದೀಪದಷ್ಟು ಕರೆಂಟಿನಲ್ಲಿ ಸಮುದ್ರ ದಾಟಿಸು, ಆಗ ನಿನ್ನ ಗಂಡಸು ಅಂತೀನಿ" ಎಂದು ಅಣ್ಣನನ್ನು ಕೆಣಕುತ್ತಿದ್ದರು. ಮೆಟ್ಟಿಲ ಕಡೆ ತಿರುಗಿ, "ನಿನ್ನನ್ನೂ ಅಂತೀನಿ" ಎಂದು ಸೇರಿಸುತ್ತಿದ್ದರು.

ಇಬ್ಬರೂ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡರು. ಅಷ್ಟರಲ್ಲಿ ಅಣ್ಣ ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿಯ ಕೆಲಸಕ್ಕೆ ಸೇರಿದ್ದ, ಪುಟ್ಟಿ ಗಾಜು ತೀಡುವುದನ್ನು ಕಲಿಯುತ್ತಿದ್ದಳು. ಭಾನುವಾರ ಬೆಳಿಗ್ಗೆ ಡಬ್ಬಿ, ಬ್ಯಾಟರಿ, ತಂತಿಯ ಸುರುಳಿ, ಎರಡು ಬನ್ನು ಹಿಡಿದುಕೊಂಡು ನೀರಿನ ಟ್ಯಾಂಕಿರುವ ಗುಡ್ಡ ಹತ್ತುತ್ತಿದ್ದರು. ದಾರಕ್ಕೆ ಕಲ್ಲು ಕಟ್ಟಿ ಮರದ ಕೊಂಬೆಯ ಮೇಲೆ ಎಸೆದು, ದಾರದ ಹಿಂದೆ ತಂತಿ ಎಳೆದರೆ ಆಂಟೆನಾ ಸಿದ್ಧ. ಅಣ್ಣ ಎಸೆದ ಕಲ್ಲು ಕೊಂಬೆಗೆ ಬಿಟ್ಟು ಮಿಕ್ಕೆಲ್ಲದಕ್ಕೂ ಬೀಳುತ್ತಿತ್ತು. ಕೊನೆಗೆ ಪುಟ್ಟಿ ಎಸೆಯಬೇಕು. ಎಸೆಯುವುದು ತಂಗಿಯ ಕೆಲಸ, ಕೇಳುವುದು ಅಣ್ಣನ ಕೆಲಸ ಎಂದು ತಾನಾಗಿ ಹಂಚಿಕೆಯಾಯಿತು.

ಏಕೆಂದರೆ ಅಣ್ಣನ ಕಿವಿ ಅಂಥದ್ದು. ಕಾದ ಬಾಣಲೆಗೆ ನೀರು ಬಿದ್ದಂತೆ ಚುರ್ರೆನ್ನುವ ಗದ್ದಲದಲ್ಲಿ, ಪುಟ್ಟಿಗೆ ಏನೂ ಇಲ್ಲವೆನ್ನಿಸುವ ಜಾಗದಲ್ಲಿ, ಅವನು ಕಣ್ಣು ಮುಚ್ಚಿ ಕೈಯೆತ್ತುತ್ತಿದ್ದ. "ಶ್! ಇದ್ದಾನೆ, ಇದ್ದಾನೆ." ಒಂದು ನಿಮಿಷವಾದ ಮೇಲೆ ಅವಳಿಗೂ ಕೇಳುತ್ತಿತ್ತು, ಎಲ್ಲೋ ನೆಲದಡಿಯಲ್ಲಿ ಮಿಡತೆ ಕೂಗಿದಷ್ಟು. ಅವನು ಹೇಳಿದ್ದನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ತಾರೀಖು, ವೇಳೆ, ಯಾರು, ಎಲ್ಲಿಂದ.

ಹಾಗೆ ಸಿಕ್ಕಿದವನು ದ್ವೀಪದ ಹವಾಮಾನದವನು. ಒಂಬತ್ತು ಸಾವಿರ ಕಿಲೋಮೀಟರ್ ಆಚೆ, ಸುತ್ತ ನೀರೇ ನೀರಿರುವ ಬಂಡೆಯ ಮೇಲೆ, ಮಳೆ ಗಾಳಿ ಅಳೆಯುತ್ತ ಕೂತಿದ್ದವನು. ನಾನೂ ತಂಗಿಯೂ ಇದ್ದೇವೆ, ಶಕ್ತಿ ಒಂದೂವರೆ ವ್ಯಾಟ್, ಎಂದು ಅಣ್ಣ ಕಳಿಸಿದ. ಅವನು ಮತ್ತೆ ಹೇಳಿ ಅಂದ. ಅಣ್ಣ ಮತ್ತೆ ಕಳಿಸಿದ. ಮತ್ತೆ ಹೇಳಿ ಅಂದ. ಪುಟ್ಟಿ ಬನ್ನು ಬಾಯಲ್ಲಿಟ್ಟುಕೊಂಡೇ ನಕ್ಕಳು. ಐದು ತಿಂಗಳ ಮೇಲೆ, ಮೂಲೆಗಳು ಮುದುಡಿದ ಆ ಕಾರ್ಡು ಅಂಚೆಯಲ್ಲಿ ಬಂತು: "ಎರಡೆರಡು ಸಲ ಕೇಳಿದ್ದಕ್ಕೆ ಕ್ಷಮಿಸಿ. ನನ್ನ ಮೇಜಿನ ದೀಪವೇ ನಲವತ್ತು ವ್ಯಾಟಿನದು. ಇಲ್ಲಿ ನಾವು ನಾಲ್ಕೇ ಜನ, ಒಬ್ಬರಿಗೊಬ್ಬರು ಹೇಳುವುದೆಲ್ಲ ಹೇಳಿ ಮುಗಿದಿದೆ. ಆ ದಿನ ಊಟದ ಹೊತ್ತಿಗೆ ನಿಮ್ಮಿಬ್ಬರದೇ ಮಾತು."

ತಾತ ಆ ಕಾರ್ಡನ್ನು ಎರಡು ದಿನ ತಮ್ಮ ಕೋಣೆಯಲ್ಲಿಟ್ಟುಕೊಂಡರು. ಕೊಡುವಾಗ ಹಿತ್ತಾಳೆಯ ಕೀ ಬಿಚ್ಚಿ, ಕಾರ್ಡಿನ ಮೇಲಿಟ್ಟು, ಅಣ್ಣನ ಕಡೆ ತಳ್ಳಿದರು.

ತಾತ ಹೋದರು, ಅಮ್ಮ ಹೋದರು, ಅಣ್ಣನಿಗೆ ಮದುವೆಯಾಯಿತು, ಪುಟ್ಟಿ ಮೂರು ಮನೆ ಆಚೆ ಸ್ವಂತ ಸಂಸಾರ ಹೂಡಿದಳು. ಭಾನುವಾರದ ಗುಡ್ಡ ಮಾತ್ರ ಬಿಡಲಿಲ್ಲ. ಅತ್ತಿಗೆ ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟು, "ಗಾಳಿ ಗುದ್ದಿ ಮೈ ನೋಯಿಸಿಕೊಂಡು ಬನ್ನಿ" ಎಂದು ಕಳಿಸುತ್ತಿದ್ದರು.

ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಗಿರಣಿಯಲ್ಲಿ ಮೂವತ್ತು ವರ್ಷ ನಿಂತ ಕಿವಿ ಎಷ್ಟು ದಿನ ಉಳಿದೀತು? ಕಿವಿಗೆ ಹತ್ತಿ ಇಟ್ಟುಕೊಂಡರೆ ಮಗ್ಗದ ರೋಗ ತಿಳಿಯುವುದಿಲ್ಲ ಎನ್ನುತ್ತಿದ್ದ. ಮೊದಲು ಹೋದದ್ದು ಸಣ್ಣ ದನಿಗಳು. ಒಂದು ಭಾನುವಾರ ಗುಡ್ಡದ ಮೇಲೆ ಅಣ್ಣ ಹೆಡ್‌ಫೋನ್ ಒತ್ತಿ ಹಿಡಿದು ಗುಂಡಿ ಆಚೆ ಈಚೆ ತಿರುಗಿಸಿ, "ಇವತ್ತು ಆಕಾಶ ಸತ್ತುಹೋಗಿದೆ. ಯಾರೂ ಇಲ್ಲ" ಎಂದ. ಪುಟ್ಟಿ ಹೆಡ್‌ಫೋನ್ ಇಸಿದುಕೊಂಡು ಕೇಳಿದಳು. ಸಂತೆಯ ಹಾಗೆ ದನಿಗಳಿಂದ ತುಂಬಿತ್ತು ರೇಡಿಯೋ ಬ್ಯಾಂಡು. ಅಣ್ಣನ ಮುಖ ನೋಡಿದಳು. ನಿಜ ಹೇಳಬೇಕಿತ್ತು.

"ಹೌದಣ್ಣ, ಏನೂ ಇಲ್ಲ" ಅಂದಳು.

ಒಂದು ಸಲ ಹೇಳಿದ ಮೇಲೆ ಎರಡನೆಯದು ಸುಲಭ. ಎರಡು ವರ್ಷ ಹಾಗೇ ನಡೆಯಿತು. ಗಟ್ಟಿಯಾಗಿ ಬರುವವರನ್ನು ಅಣ್ಣ ಹಿಡಿಯುತ್ತಿದ್ದ, ಸಣ್ಣಗೆ ಬರುವವರನ್ನು ಪುಟ್ಟಿ ಇಲ್ಲವೆನ್ನುತ್ತಿದ್ದಳು. ಆಮೇಲೆ ಪಕ್ಕದ ಊರಿನ ಒಬ್ಬ ಹವ್ಯಾಸಿ, ಗಡಿಯಾರ ರಿಪೇರಿಯವನು, ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನಿಗೆ ಸಿಕ್ಕಿ, "ಮೊನ್ನೆ ಭಾನುವಾರ ಎಂಥ ಬ್ಯಾಂಡು! ನಾನು ಹದಿನಾಲ್ಕು ದೇಶ ಹಿಡಿದೆ. ನೀವೆಷ್ಟು?" ಎಂದು ಕೇಳಿದ.

ಅಣ್ಣ ನೇರ ಅಂಗಡಿಗೆ ಬಂದ. ಗಿರಾಕಿ ಇದ್ದರು, ಅವರು ಹೋಗುವ ತನಕ ಮೂಲೆಯಲ್ಲಿ ನಿಂತಿದ್ದ.

"ಮೊನ್ನೆ ನಿಂಗೆ ಕೇಳಿಸ್ತಿತ್ತಾ?"

ಪುಟ್ಟಿ ತಲೆ ತಗ್ಗಿಸಿದಳು.

"ಕಿವಿ ಹೋದರೆ ಹೋಗಲಿ, ಪುಟ್ಟಿ. ನೀನು ಹೇಳಿದ್ದನ್ನ ನಂಬ್ತಿದ್ದೆ ನಾನು." ಅಷ್ಟೇ ಹೇಳಿ ಹೋದ. ಡಬ್ಬಿ ಅಟ್ಟ ಸೇರಿತು. ಅಣ್ಣ ತಂಗಿಯ ನಡುವೆ ಮಾತು ನಿಲ್ಲಲಿಲ್ಲ. ಹುಷಾರಿಲ್ಲದಾಗ ಬರುತ್ತಿದ್ದ, ಅವಳ ಮನೆಯ ನಲ್ಲಿ ಸರಿಮಾಡಿಕೊಡುತ್ತಿದ್ದ. ಆದರೆ ಭಾನುವಾರದ ಸುದ್ದಿ ಇಬ್ಬರೂ ಎತ್ತಲಿಲ್ಲ. ಹನ್ನೆರಡು ವರ್ಷ. ಅಷ್ಟರಲ್ಲಿ ಅವನ ಕಿವಿ ಪೂರ್ತಿ ಮುಚ್ಚಿತು. ಮಿಷನ್ ಹಾಕಿಸಿದರೆ ಗದ್ದಲ ಬಂತು, ಮಾತು ಬರಲಿಲ್ಲ. ತುಟಿ ನೋಡಿ, ಚೀಟಿ ಓದಿ ಬದುಕಲು ಕಲಿತ.

ಪುಟ್ಟಿ ಡಬ್ಬಿ ರಿಪೇರಿ ಮಾಡಿದ್ದು ಯಾವ ಉದ್ದೇಶದಿಂದಲೂ ಅಲ್ಲ. ಹಾಳಾದ ವಸ್ತು ಎದುರಿಗಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಉಬ್ಬಿಹೋಗಿದ್ದ ಎರಡು ಕೆಪಾಸಿಟರ್ ಬದಲಿಸಿದಳು, ಹಸಿರುಗಟ್ಟಿದ್ದ ಬ್ಯಾಟರಿಯ ತುದಿಗಳನ್ನು ಉಜ್ಜಿದಳು. ನಾಲ್ಕನೆಯ ದಿನ ಡಬ್ಬಿ ಉಸಿರಾಡಿತು. ಅದನ್ನು ಹೇಳಲು ಅತ್ತಿಗೆಯನ್ನು ಕರೆದಾಗ ಅತ್ತಿಗೆ ಬೇರೆ ಸುದ್ದಿ ತಂದರು.

"ನಿನ್ನೆ ಗಿರಣಿಯವರು ಇವರನ್ನ ಕರೆದುಕೊಂಡು ಹೋಗಿದ್ದರಂತೆ. ಕಿವುಡನ್ನ ಯಾಕಪ್ಪ ಕರೆದರು ಅಂದ್ಕೊಂಡರೆ, ಕಿವಿ ಇರೋ ಐದು ಜನಕ್ಕೆ ಸಿಗದ ತಪ್ಪು ಇವರು ಮಗ್ಗದ ಮೇಲೆ ಅಂಗೈ ಇಟ್ಟು ಹೇಳಿದರಂತೆ. ಮೂರನೇ ಚಕ್ರದಲ್ಲಿ ಒಂದು ಹಲ್ಲು ಮುರಿದಿದೆ ಅಂತ. ಬಿಚ್ಚಿ ನೋಡಿದರೆ ಹಾಗೇ ಇತ್ತಂತೆ!"

ಪುಟ್ಟಿ ಅತ್ತಿಗೆಯ ಮುಖವನ್ನೇ ನೋಡಿದಳು. ತಾನೂ ಅಷ್ಟೇ ಅಲ್ಲವೇ? ಗಾಜು ತೀಡುವ ಕಲ್ಲು ಸರಿ ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಬೆರಳಿಂದಲೇ. ಒಳಗೆ ಹೋಗಿ, ಕೆಟ್ಟ ಟೇಪ್ ರೆಕಾರ್ಡರಿನಿಂದ ಒಂದು ಸ್ಪೀಕರ್ ಕಿತ್ತು ತಂದು ಡಬ್ಬಿಗೆ ಜೋಡಿಸಿದಳು. ಸ್ಪೀಕರಿನ ಕಪ್ಪು ಕಾಗದದ ಮೇಲೆ ತೋರುಬೆರಳು ಇಟ್ಟಳು. ಸಣ್ಣ ದನಿ ಬೆರಳಿಗೆ ತಿಳಿಯಲಿಲ್ಲ. ಗುಂಡಿ ತಿರುಗಿಸಿ ದನಿಯನ್ನು ದಪ್ಪ ಮಾಡಿದಳು. ಆಗ ತಿಳಿಯಿತು. ಸಣ್ಣ ಮಿಡಿತ, ಉದ್ದ ಮಿಡಿತ, ನಾಡಿ ಹಿಡಿದ ಹಾಗೆ.

"ಅತ್ತಿಗೆ, ಅವನ ಲೈಸೆನ್ಸ್ ಯಾವಾಗಲೋ ಮುಗಿದಿರಬೇಕು, ಅಲ್ವಾ?"

ಅತ್ತಿಗೆ ಸೀರೆಯ ನೆರಿಗೆ ಸರಿಮಾಡಿಕೊಂಡರು. "ಮುಗಿದಿಲ್ಲ. ಕಾಗದ ಬಂದಾಗಲೆಲ್ಲ ಬೇರೆ ಕಾಗದದ ನಡುವೆ ಇಟ್ಟು ಸಹಿ ಹಾಕಿಸಿ ಕಳಿಸ್ತಿದ್ದೆ. ಓದದೆ ಸಹಿ ಹಾಕೋ ಗಂಡನ್ನ ದೇವರು ಸುಮ್ಮನೆ ಕೊಡಲ್ಲ."

ಭಾನುವಾರ ಬೆಳಿಗ್ಗೆ ಪುಟ್ಟಿ ಅಣ್ಣನ ಮನೆಗೆ ಹೋದಳು. ಅವನು ಅಂಗಳದಲ್ಲಿ ಕೂತು ಪಂಪಿನ ವಾಷರ್ ಕತ್ತರಿಸುತ್ತಿದ್ದ. ಅವಳ ಕೈಯಲ್ಲಿದ್ದ ಡಬ್ಬಿ ಕಂಡದ್ದೇ ಅವನ ಮುಖ ಗಂಟಿಕ್ಕಿತು. ಹೆಂಡತಿಯ ಕಡೆ ಒಂದು ನೋಟ ಬೀರಿದ. ಅತ್ತಿಗೆ ಆಕಾಶ ನೋಡುತ್ತಿದ್ದರು.

ಪುಟ್ಟಿ ಚೀಟಿ ಬರೆಯಲಿಲ್ಲ. ಎದುರಿಗೆ ಕೂತು ಅವನ ಎಡಗೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟಿದಳು. ಕಟ, ಕಡ. "ಆವತ್ತು ಸುಳ್ಳು ಹೇಳಿದೆ. ನಿನ್ನ ಮುಖ ನೋಡಿ ಹೇಳಕ್ಕಾಗಲಿಲ್ಲ. ತಪ್ಪಾಯ್ತು."

ಹನ್ನೆರಡು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಏನನ್ನೂ ಹೇಳಿರಲಿಲ್ಲ. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. "ಗೀಟು ಚಿಕ್ಕದಾಯ್ತು. ಮೊದಲಿಂದ ನಿಂಗೆ ಅದೊಂದು ರೋಗ" ಎಂದ. ಎದ್ದು ಚಪ್ಪಲಿ ಹುಡುಕಿದ.

ಆ ದಿನ ಗುಡ್ಡದ ಮೇಲೆ ಏನೂ ಆಗಲಿಲ್ಲ. ಕೊಂಬೆಗೆ ತಂತಿ ಹತ್ತಿಸಿದ್ದಾಯಿತು, ಸ್ಪೀಕರಿನ ಮೇಲೆ ಅಣ್ಣ ಬೆರಳಿಟ್ಟದ್ದಾಯಿತು. ಆದರೆ ಬೆರಳಿಗೆ ಎಲ್ಲವೂ ಒಂದೇ ಆಗಿ ಬಂತು. ಗದ್ದಲವೂ ಮಿಡಿತವೇ, ಅಕ್ಷರವೂ ಮಿಡಿತವೇ. "ಮರಳು ಸುರಿದ ಹಾಗಿದೆ" ಎಂದ. ಅರ್ಧ ಗಂಟೆ ಹೆಣಗಿ, "ಸಾಕು. ನನ್ನ ಮೇಲೆ ಕರುಣೆ ತೋರಿಸಬೇಡ" ಎಂದು ಸಿಡುಕಿ, ಅವಳಿಗಿಂತ ಮುಂದೆ ಇಳಿದು ಹೋದ. ಪುಟ್ಟಿ ಒಬ್ಬಳೇ ತಂತಿ ಸುತ್ತಿದಳು. ಕಣ್ಣಲ್ಲಿ ನೀರು ಬಂದು ಎರಡು ಸಲ ಸುರುಳಿ ಗಂಟುಬಿತ್ತು.

ಮಂಗಳವಾರ ಅಣ್ಣ ಅಂಗಡಿಗೆ ಬಂದು ಸ್ಪೀಕರನ್ನು ಎತ್ತಿಕೊಂಡು ಹೋದ.

ಆಮೇಲಿನ ಸುದ್ದಿಯೆಲ್ಲ ಅತ್ತಿಗೆಯಿಂದಲೇ ಸಿಕ್ಕಿದ್ದು. ಅಣ್ಣ ತಾತನ ಕೀಗೆ ಒಂದು ಬ್ಯಾಟರಿ, ಒಂದು ಬಜರ್ ಜೋಡಿಸಿ ಸ್ಪೀಕರಿಗೆ ಕೊಟ್ಟಿದ್ದ. ಕೀ ಒತ್ತುವವರು ಬೇಕಲ್ಲ? ಮೋರ್ಸಿನ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಹೆಂಡತಿಯನ್ನು ಕೂರಿಸಿದ. ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಒಂದು ಗಂಟೆ.

"ಸಂಸಾರ ಮಾಡಿ ಮೂವತ್ತಾರು ವರ್ಷಕ್ಕೆ ಇವರು ನನ್ನ ಮಾತು ಗಮನ ಕೊಟ್ಟು ಕೇಳೋ ಹಾಗಾಯ್ತು" ಎಂದರು ಅತ್ತಿಗೆ. "ನಿನ್ನೆ 'ತರಕಾರಿ ತನ್ನಿ' ಅಂತ ಕಳಿಸಿದೆ. ಎದ್ದು ಹೋಗಿ ತಂದರು! ಚೀಟಿ ಬರೆದುಕೊಟ್ಟಿದ್ದರೆ ಸಂಜೆ ತನಕ ಅದನ್ನ ಹುಡುಕ್ತಿದ್ದರು."

ಮೂರು ತಿಂಗಳು ಕಳೆಯಿತು. ಒಂದು ಶನಿವಾರ ಅಣ್ಣ ಅಂಗಡಿಯ ಬಾಗಿಲಲ್ಲಿ ನಿಂತು, "ನಾಳೆ ಏಳು ಗಂಟೆಗೆ. ಕಲ್ಲು ಎಸೆಯೋಕೆ ನೀನು ಬೇಕು" ಎಂದ.

ಗುಡ್ಡ ಹತ್ತುವಾಗ ಇಬ್ಬರೂ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಮೊದಲೆಲ್ಲ ನಿಲ್ಲುತ್ತಿರಲಿಲ್ಲ. ಪುಟ್ಟಿಯ ಮೊದಲ ಎಸೆತ ತಪ್ಪಿತು, ಎರಡನೆಯದು ಕೊಂಬೆ ದಾಟಿತು. ಅಣ್ಣ ಚಪ್ಪಟೆ ಕಲ್ಲಿನ ಮೇಲೆ ಡಬ್ಬಿ ಇಟ್ಟು, ತೊಡೆಯ ಮೇಲೆ ಕೀ ಕಟ್ಟಿಕೊಂಡು, ಎಡಗೈ ಬೆರಳನ್ನು ಸ್ಪೀಕರಿನ ಮೇಲಿಟ್ಟ. ಬಲಗೈಯಿಂದ ಕರೆ ಕಳಿಸತೊಡಗಿದ. ಯಾರಾದರೂ ಇದ್ದೀರಾ, ಯಾರಾದರೂ ಇದ್ದೀರಾ. ಅವನ ಕೈಯ ಓಟ ಪುಟ್ಟಿಗೆ ಬೇರೆಲ್ಲೇ ಕೇಳಿದ್ದರೂ ಗುರುತು ಸಿಗುವಂಥದ್ದು. ಗೀಟು ಮುಗಿಯುವಲ್ಲಿ ಒಂದು ಎಳೆಯಷ್ಟು ತಡೆದು ಬಿಡುತ್ತಿದ್ದ. ತಾತನೂ ಹಾಗೇ ಮಾಡುತ್ತಿದ್ದರು.

ಇಪ್ಪತ್ತು ನಿಮಿಷ ಯಾರೂ ಉತ್ತರಿಸಲಿಲ್ಲ. ಪುಟ್ಟಿ, ತಾನು ಹೌದು ಎಂದೂ ಇಲ್ಲ ಎಂದೂ ಹೇಳುವುದಿಲ್ಲ ಎಂದು ಮನೆಯಿಂದಲೇ ನಿರ್ಧರಿಸಿಕೊಂಡು ಬಂದಿದ್ದಳು. ಅಷ್ಟರಲ್ಲಿ ಸ್ಪೀಕರಿನಿಂದ, ಗದ್ದಲದ ಅಡಿಯಲ್ಲಿ, ರೇಡಿಯೋದಲ್ಲಿ ಅಣ್ಣನ ಹೆಸರಾಗಿದ್ದ ಕಾಲ್ ಸೈನ್ ತೆಳ್ಳಗೆ ಬಂತು. ಅವಳಿಗೆ ಕೇಳಿಸಿತು. ನಾಲಗೆ ಕಚ್ಚಿಕೊಂಡು ಅಣ್ಣನ ಮುಖ ನೋಡಿದಳು.

ಅವನು ಕಣ್ಣು ಮುಚ್ಚಿದ್ದ. ಕೈಯೆತ್ತಿದ. "ಶ್! ಇದ್ದಾರೆ."

ಏಳು ಸಾವಿರ ಕಿಲೋಮೀಟರ್ ಆಚೆಯ ಒಂದು ಕಡಲ ದಂಡೆಯಿಂದ ಒಬ್ಬ ಹೆಂಗಸು. ಅವಳೂ ಬಯಲಲ್ಲೇ ಕೂತಿದ್ದಳು. ಮೀನಿನ ಗಾಳದ ಕೋಲಿಗೆ ತಂತಿ ಕಟ್ಟಿಕೊಂಡು, ಎರಡು ವ್ಯಾಟಿನಲ್ಲಿ ಕಳಿಸುತ್ತಿದ್ದಳು. ಅಣ್ಣ ಒಂದೂವರೆ ಎಂದ. ಆಮೇಲೆ ಸ್ವಲ್ಪ ತಡೆದು, ನನಗೆ ಕಿವಿ ಕೇಳುವುದಿಲ್ಲ, ಬೆರಳಲ್ಲಿ ಓದುತ್ತಿದ್ದೇನೆ, ಮೊದಲ ಸಲ, ಎಂದು ಕಳಿಸಿದ. ಆ ಕಡೆ ಮೌನ. ಕಳೆದುಹೋದಳೇನೋ ಎಂದು ಪುಟ್ಟಿ ಕೊಂಬೆಯ ಮೇಲಿನ ತಂತಿ ನೋಡಿದಳು. ಆಮೇಲೆ ದನಿ ಮತ್ತೆ ಬಂತು. ಮೊದಲಿಗಿಂತ ಅರ್ಧ ನಿಧಾನವಾಗಿ, ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ ಇಡುತ್ತ: "ಹಾಗಾದರೆ ಆತುರವಿಲ್ಲ. ನನಗೂ ಬೇರೆ ಕೆಲಸವಿಲ್ಲ."

ಆ ಹೊತ್ತಿಗೆ ಗುಡ್ಡದ ಮೇಲೆ ಗಾಳಿ ಎದ್ದಿತು. ಟ್ಯಾಂಕಿನ ತಗಡು ದಡದಡ ಬಡಿಯಿತು, ಮರ ಹೂಂಕರಿಸಿತು. ಪುಟ್ಟಿ ಸ್ಪೀಕರಿನ ಹತ್ತಿರಕ್ಕೆ ಬಾಗಿದರೂ ಒಂದಕ್ಷರ ಕೇಳಲಿಲ್ಲ. ಕೈಯಲ್ಲಿ ಪೆನ್ನು ಹಿಡಿದು ಸುಮ್ಮನೆ ಕೂತಳು. ಅಣ್ಣನಿಗೆ ಗಾಳಿಯ ಹಂಗೇ ಇರಲಿಲ್ಲ. ಅವನ ತುಟಿ ಅಕ್ಷರಕ್ಕೊಂದು ಸಲ ಅಲುಗುತ್ತಿತ್ತು. ಇದ್ದಕ್ಕಿದ್ದಂತೆ ಅವನಿಗೆ ನಗು ಬಂತು.

"ಏನಂತೆ? ಏನಂದಳು?" ಪುಟ್ಟಿ ಅವನ ಭುಜ ಹಿಡಿದು ಅಲುಗಿಸಿದಳು.

"ಒಂದು ನಿಮಿಷ ಇರಬೇಕಂತೆ. ಅವಳ ನಾಯಿ ತಂತಿ ಕಚ್ಚಿಕೊಂಡು ಓಡ್ತಿದೆಯಂತೆ." ಹೇಳಿ ಅವನು ಜೋರಾಗಿ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. "ಬರ್ಕೋ ಪುಟ್ಟಿ, ಬರ್ಕೋ. ನಾಯಿ ಅಂತಲೂ ಬರ್ಕೋ."

ಅವಳು ಬರೆದುಕೊಂಡಳು. ತಾರೀಖು, ವೇಳೆ, ಯಾರು, ಎಲ್ಲಿಂದ, ನಾಯಿ. ಆ ಹೆಂಗಸು ನಾಯಿಯನ್ನು ಹಿಡಿದು ಕಟ್ಟಿಹಾಕಿ ಬಂದು ಇನ್ನೂ ಹತ್ತು ನಿಮಿಷ ಮಾತಾಡಿದಳು. ಆಮೇಲೆ ದನಿ ತೆಳ್ಳಗಾಗುತ್ತ, ಬಟ್ಟೆಯ ಬಣ್ಣ ಹೋದ ಹಾಗೆ, ಗದ್ದಲದಲ್ಲಿ ಕರಗಿತು.

ಇಳಿಯುವ ದಾರಿಯುದ್ದಕ್ಕೂ ಅಣ್ಣ ಮಾತಾಡಿದ. ತನ್ನ ದನಿ ತನಗೇ ಕೇಳಿಸದವನು, ಊರಿಗೆಲ್ಲ ಕೇಳುವ ಹಾಗೆ ಮಾತಾಡಿದ. ಬೆರಳಿಗಿಂತ ಹೆಬ್ಬೆರಳು ಮೇಲು ಅಂದ, ಸ್ಪೀಕರಿನ ಕಾಗದ ಇನ್ನೂ ತೆಳ್ಳಗಿರಬೇಕು ಅಂದ. ಸಾಮಾನು ಹೊತ್ತು ಹತ್ತುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ಪುಟ್ಟಿ ಅವನಿಗೆ ಮೆಲ್ಲಗೆ ಎಂದು ಸನ್ನೆ ಮಾಡಲಿಲ್ಲ. ಟ್ಯಾಂಕಿನಿಂದ ಬರುವ ನೀರಿನ ಪೈಪಿನ ಪಕ್ಕದಲ್ಲಿ, ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ಹೆಜ್ಜೆ ನೋಡಿ ಇಡುತ್ತ ಇಳಿದಳು.

ಬೀದಿಯ ತಿರುವಿನಲ್ಲಿ ಅವನು ನಿಂತು ತಂತಿಯ ಸುರುಳಿಯನ್ನು ಅವಳ ಕೈಯಿಂದ ಇಸಿದುಕೊಂಡ.

"ಮುಂದಿನ ವಾರ ನಿಮ್ಮತ್ತಿಗೇನೂ ಕರ್ಕೊಂಡು ಬರ್ತೀನಿ" ಎಂದ. "ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಿದಾಳೆ. ನಂಗೆ ಹೇಳಿಲ್ಲ. ಸಹಿ ಹಾಕೋ ಕಾಗದದ ಮಧ್ಯೆ ಇಟ್ಟಿದ್ದಳು, ಈ ಸಲ ಓದಿ ನೋಡಿದೆ."